ಇಳಕಲ್ ಸೀರೆ ಅಂಗಡಿಯ ಜಾಲತಾಣವನ್ನು ಎಲ್ಲ ಪರದೆಗಳಿಗೂ ಹೊಂದಿಸುವ ಬಗೆ

ಇಳಕಲ್ ಸೀರೆ ಮಾರುವ ಅಂಗಡಿಯೊಂದಕ್ಕೆ ಕನ್ನಡದಲ್ಲಿ ಜಾಲತಾಣ ಕಟ್ಟಬೇಕಾಗಿದೆ ಎಂದಿಟ್ಟುಕೊಳ್ಳೋಣ. ಕೋಡ್ ಬರೆಯುವ ಮೊದಲು ಅಂಗೈಯಗಲದ ಕಾಗದವೊಂದನ್ನು ತೆಗೆದುಕೊಂಡು, ಗ್ರಾಹಕರಿಗೆ ಮೊದಲು ಕಾಣಬೇಕಾದದ್ದು ಯಾವುದು, ಆಮೇಲಿನದು ಯಾವುದು ಎಂದು ಒಂದರ ಕೆಳಗೊಂದರಂತೆ ಬರೆಯಿರಿ. ಸೀರೆಯ ಚಿತ್ರ, ಬೆಲೆ, ನೂಲು ಹತ್ತಿಯೋ ರೇಷ್ಮೆಯೋ ಎಂಬ ವಿವರ ಮತ್ತು ಕರೆ ಮಾಡುವ ಬಟನ್ ಮೇಲೆ ಬರಲಿ. ಮಾಲೀಕರು ಎಷ್ಟೇ ಒತ್ತಾಯಿಸಿದರೂ ಹಿರಿಯರ ಭಾವಚಿತ್ರ ಮತ್ತು ಅಂಗಡಿಯ ಇತಿಹಾಸ ಕೆಳಗಿರಲಿ. ದೊಡ್ಡ ಪರದೆಯಲ್ಲಿ ಎಲ್ಲವನ್ನೂ ಅಕ್ಕಪಕ್ಕ ಇಟ್ಟು ಈ ನಿರ್ಧಾರದಿಂದ ನುಣುಚಿಕೊಳ್ಳಬಹುದು, ಚಿಕ್ಕ ಪರದೆ ಅದಕ್ಕೆ ಎಡೆಗೊಡುವುದಿಲ್ಲ.

ವೆಬ್ ವಿನ್ಯಾಸಕ ಈಥನ್ ಮಾರ್ಕಾಟ್ 2010ರಲ್ಲಿ ‘ರೆಸ್ಪಾನ್ಸಿವ್ ವೆಬ್ ಡಿಸೈನ್’ ಎಂದು ಹೆಸರಿಟ್ಟು ವಿವರಿಸಿದ ಮೂರು ಅಂಶಗಳೇ, ಅಂದರೆ ಹಿಗ್ಗಿ ಕುಗ್ಗುವ ಅಂಕಣಗಳು, ಅವುಗಳೊಳಗೆ ಹಿಡಿಸುವ ಚಿತ್ರಗಳು ಮತ್ತು ಪರದೆಯ ಅಗಲಕ್ಕೆ ತಕ್ಕಂತೆ ವಿನ್ಯಾಸ ಬದಲಿಸುವ ಮೀಡಿಯಾ ಕ್ವೆರಿಗಳೇ, ಇಂದಿಗೂ ಈ ಕೆಲಸದ ತಳಪಾಯ. ಆದರೆ ಪುಟದಲ್ಲಿ ಅದರ ಅಗಲವನ್ನು ಬ್ರೌಸರಿಗೆ ತಿಳಿಸುವ ವ್ಯೂಪೋರ್ಟ್ ಮೆಟಾ ಟ್ಯಾಗ್ ಇಲ್ಲದಿದ್ದರೆ ಮೊಬೈಲ್ ಬ್ರೌಸರ್ ಸಾಮಾನ್ಯವಾಗಿ ಪುಟದ ಅಗಲವನ್ನು 980 ಪಿಕ್ಸೆಲ್ ಎಂದು ಹಿಡಿದು, ಅದನ್ನು ಕುಗ್ಗಿಸಿ ತೋರಿಸುತ್ತದೆ. ಹಾಗಾದಾಗ ಈ ಮೂರೂ ವ್ಯರ್ಥ. ಆ ಟ್ಯಾಗಿನಲ್ಲಿ ಅಗಲವನ್ನು ಸಾಧನದ ಅಗಲಕ್ಕೆ ಹೊಂದಿಸಿ, ಬೆರಳಿನಿಂದ ಹಿಗ್ಗಿಸಿ ನೋಡುವ ಸೌಲಭ್ಯವನ್ನು ಮಾತ್ರ ತಡೆಯಬೇಡಿ: ಸೀರೆ ಕೊಳ್ಳುವವರು ದಡಿಯ ನೇಯ್ಗೆಯನ್ನು ಹತ್ತಿರದಿಂದ ನೋಡಿಯೇ ನೋಡುತ್ತಾರೆ.

ವಿನ್ಯಾಸ ಬದಲಾಗಬೇಕಾದ ಅಗಲಗಳನ್ನು ಇಂಥ ಫೋನು, ಅಂಥ ಟ್ಯಾಬ್ಲೆಟ್ ಎಂದು ಗೊತ್ತುಪಡಿಸುವುದು ದಂಡ. ಬ್ರೌಸರ್ ಕಿಟಕಿಯನ್ನು 320 ಪಿಕ್ಸೆಲಿನಿಂದ ನಿಧಾನವಾಗಿ ಅಗಲಿಸುತ್ತ ಹೋಗಿ, ಪುಟ ಎಲ್ಲಿ ಬಿಕೋ ಎನ್ನುತ್ತದೋ ಅಲ್ಲಿ ಇನ್ನೊಂದು ಅಂಕಣ ಸೇರಿಸಿ.

ಕನ್ನಡದ ಪುಟಗಳು ಹೆಚ್ಚಾಗಿ ಕೆಡುವುದು ಅಕ್ಷರಗಳಲ್ಲಿ. ಇಂಗ್ಲಿಷಿಗೆಂದು ಮಾಡಿದ ಟೆಂಪ್ಲೇಟನ್ನು ತಂದು ಪದಗಳನ್ನಷ್ಟೇ ಬದಲಿಸಿದರೆ, ‘ವಸ್ತ್ರ’ ಎಂಬ ಪದದ ಸಕಾರದ ಕೆಳಗಿನ ಎರಡು ಒತ್ತುಗಳು ಮುಂದಿನ ಸಾಲಿಗೆ ತಾಗುತ್ತವೆ, ಇಲ್ಲವೇ ಎತ್ತರ ನಿಗದಿಯಾದ ಚೌಕಟ್ಟಿನಲ್ಲಿ ಕತ್ತರಿಸಿಹೋಗುತ್ತವೆ. ಆದ್ದರಿಂದ ಸಾಲಿನ ಎತ್ತರವನ್ನು ಅಕ್ಷರದ ಗಾತ್ರದ 1.6ರಿಂದ 1.8ರಷ್ಟು ಇಟ್ಟುಕೊಳ್ಳಿ; ಬಟನ್‌ಗಳಿಗೆ ಅಗಲ, ಎತ್ತರಗಳನ್ನು ಪಿಕ್ಸೆಲಿನಲ್ಲಿ ಬಿಗಿಯದೆ ಪದದ ಸುತ್ತಲಿನ ಖಾಲಿ ಜಾಗವಾದ ಪ್ಯಾಡಿಂಗ್‌ನಿಂದಲೇ ಗಾತ್ರ ಬರುವಂತೆ ಮಾಡಿ. ವಿಭಕ್ತಿ ಪ್ರತ್ಯಯಗಳೂ ಕ್ರಿಯಾರೂಪಗಳೂ ಕೂಡಿಕೊಂಡು ‘ಹಿಂದಿರುಗಿಸಲಾಗುವುದಿಲ್ಲ’ ಎಂಬಂಥ ಉದ್ದದ ಪದಗಳಾಗುವ ಭಾಷೆ ನಮ್ಮದು. ಕಿರಿದಾದ ಅಂಕಣದಲ್ಲಿ ಎರಡೂ ಅಂಚುಗಳನ್ನು ಸಮಗೊಳಿಸಿದರೆ ಪದಗಳ ನಡುವೆ ಹಳ್ಳ ಬೀಳುತ್ತದೆ, ಎಡಕ್ಕಷ್ಟೇ ಹೊಂದಿಸುವುದು ಲೇಸು. ಶೀರ್ಷಿಕೆಗಳಲ್ಲಿ ಅಂತಹ ಪದ ಪರದೆಯಾಚೆ ಚಾಚದಂತೆ ಓವರ್‌ಫ್ಲೋ-ರ‍್ಯಾಪ್ ಬಳಸಿ. ಪುಟದ ಭಾಷೆ ಕನ್ನಡವೆಂದು ಮಾರ್ಕಪ್‌ನಲ್ಲಿಯೇ ನಮೂದಿಸಿದರೆ ಪರದೆಯ ಬರಹವನ್ನು ಓದಿ ಹೇಳುವ ತಂತ್ರಾಂಶಗಳಿಗೂ ಅನುಕೂಲ. ಕನ್ನಡ ಫಾಂಟನ್ನು ಜಾಲಕ್ಕೆಂದು ಕುಗ್ಗಿಸಿದ ಡಬ್ಲ್ಯುಒಎಫ್ಎಫ್2 ರೂಪದಲ್ಲಿ, ಅಗತ್ಯವಿರುವ ಎರಡು ತೂಕಗಳಲ್ಲಿ (ಅಕ್ಷರದ ದಪ್ಪಗಳಲ್ಲಿ) ಮಾತ್ರ ಕಳುಹಿಸಿ. ಅದು ಇಳಿಯುವವರೆಗೆ ಫೋನಿನದೇ ಅಕ್ಷರ ಕಾಣುವಂತೆ ಫಾಂಟ್-ಡಿಸ್‌ಪ್ಲೇಯನ್ನು ಸ್ವಾಪ್‌ಗೆ ಇಡಿ.

ಚಿತ್ರಗಳ ಮಾತು ಬೇರೆ. ಇಳಕಲ್ ಸೀರೆಯ ಗುರುತಿರುವುದು ಒಡಲಿಗೆ ಕೊಂಡಿ ಹಾಕಿ ಸೇರಿಸಿದ ಕೆಂಪು ಸೆರಗಿನಲ್ಲಿ. ಚಿತ್ರವನ್ನು ಚೌಕಕ್ಕೆ ತುಂಬಿಸುವ ‘ಕವರ್’ ವಿಧಾನ ಅಂಚುಗಳನ್ನು ಕತ್ತರಿಸುವುದರಿಂದ, ಫೋನಿನಲ್ಲಿ ಸೆರಗೇ ಮಾಯವಾಗಬಹುದು. ಪಿಕ್ಚರ್ ಎಲಿಮೆಂಟ್ ಬಳಸಿ ಕಿರಿದಾದ ಪರದೆಗೆ ಸೆರಗಿನ ನೀಳ ಚಿತ್ರವನ್ನೂ ಅಗಲದ ಪರದೆಗೆ ಪೂರ್ತಿ ಸೀರೆಯನ್ನೂ ಕೊಡಿ. ಪ್ರತಿ ಚಿತ್ರದ 400, 800 ಮತ್ತು 1200 ಪಿಕ್ಸೆಲ್ ಅಗಲದ ಪ್ರತಿಗಳನ್ನು ಚಿತ್ರದ ಟ್ಯಾಗಿನ ಎಸ್ಆರ್‌ಸಿಸೆಟ್‌ನಲ್ಲಿ ಸೂಚಿಸಿದರೆ ತನಗೆ ಬೇಕಾದದ್ದನ್ನು ಬ್ರೌಸರೇ ಆಯ್ದುಕೊಳ್ಳುತ್ತದೆ. ಅಗಲ, ಎತ್ತರಗಳನ್ನು ಟ್ಯಾಗಿನಲ್ಲಿ ಬರೆದಿದ್ದರೆ ಚಿತ್ರ ಬಂದಾಗ ಪುಟ ಜಿಗಿಯುವುದಿಲ್ಲ, ‘ಬೆಲೆ ಕೇಳಿ’ ಎಂಬುದನ್ನು ಒತ್ತಲು ಹೋದ ಬೆರಳು ಬೇರೆಲ್ಲೋ ಬೀಳುವುದೂ ಇಲ್ಲ.

ಒತ್ತುವ ಜಾಗ ಕನಿಷ್ಠ 24 ಪಿಕ್ಸೆಲ್ ಇರಬೇಕೆಂದು ಜಾಲತಾಣಗಳು ಎಲ್ಲರಿಗೂ ಬಳಸಲು ಬರುವಂತೆ ಮಾಡುವ ಮಾರ್ಗಸೂಚಿಯಾದ ಡಬ್ಲ್ಯುಸಿಎಜಿ 2.2 ಹೇಳುತ್ತದೆ, 44 ಇದ್ದರೆ ಹಿತ. ಫಾರಂ ಖಾನೆಗಳ ಅಕ್ಷರ 16 ಪಿಕ್ಸೆಲಿಗಿಂತ ಚಿಕ್ಕದಾದರೆ ಐಫೋನು ಪುಟವನ್ನು ತಾನಾಗಿಯೇ ಹಿಗ್ಗಿಸಿಬಿಡುತ್ತದೆ. ಮೊಬೈಲಿನಲ್ಲಿ ಜಾಗ ಸಾಲದೆಂದು ಸೀರೆಯ ವಿವರಗಳನ್ನು ಅಳಿಸಬೇಡಿ, ಏಕೆಂದರೆ ಗೂಗಲ್ ತನ್ನ ಸೂಚಿಗೆ ತೆಗೆದುಕೊಳ್ಳುವುದು ಮೊಬೈಲ್ ಪುಟದಲ್ಲಿರುವುದನ್ನೇ. ಮಡಚಿಟ್ಟು, ಒತ್ತಿದಾಗ ತೆರೆಯುವಂತೆ ಮಾಡಿದರೆ ಸಾಕು.

ಬ್ರೌಸರಿನೊಳಗಿನ ಮೊಬೈಲ್ ಮಾದರಿ ಅಗಲವನ್ನು ತೋರಿಸುತ್ತದೆಯೇ ಹೊರತು ಹಳೆಯ ಫೋನಿನ ನಿಧಾನವನ್ನು ತಾನಾಗಿ ತೋರಿಸುವುದಿಲ್ಲ. ಅಂಗಡಿಯ ಕೆಲಸಗಾರರೊಬ್ಬರ ಫೋನು ಕೇಳಿ ಪಡೆದು, ವೈಫೈ ಆರಿಸಿ, ಅಕ್ಷರದ ಗಾತ್ರವನ್ನು ದೊಡ್ಡದಕ್ಕೆ ಇಟ್ಟು, ಬಿಸಿಲಿನಲ್ಲಿ ನಿಂತು ಒಂದು ಸೀರೆಯ ಬೆಲೆ ಹುಡುಕಿ, ಅಂಗಡಿಗೆ ಕರೆ ಮಾಡಿ ನೋಡಿ.