ಮೆಲ್ಬರ್ನ್‌ನಲ್ಲಿ ಮನೆ ತಗೊಳ್ಳೋ ಮುಂಚೆ: ಏಜೆಂಟ್ ಯಾರ ಕಡೆಯವನು?

ಬೆಂಗಳೂರಲ್ಲಿ ಬ್ರೋಕರ್ ಎರಡೂ ಕಡೆಯಿಂದ ಕಮಿಷನ್ ತಗೊಳ್ಳುತ್ತಾನೆ. ಹಾಗಾಗಿ ಅವನಿಗೆ ನಮ್ಮ ಮೇಲೂ ಒಂಚೂರು ಋಣ ಇರುತ್ತದೆ ಅನ್ನೋ ಅಭ್ಯಾಸ ನಮಗೆ. ಅದೇ ಅಭ್ಯಾಸ ಇಟ್ಟುಕೊಂಡು ಮೆಲ್ಬರ್ನ್‌ನಲ್ಲಿ ಮನೆ ನೋಡೋಕೆ ಹೊರಟರೆ ಮೊದಲ ದಿನವೇ ಪೆಟ್ಟು ಬೀಳುತ್ತದೆ. ಇಲ್ಲಿ ಏಜೆಂಟ್‌ಗೆ ದುಡ್ಡು ಕೊಡೋನು ಮಾರುವವನು ಮಾತ್ರ. ನಿಮಗೆ ಚಾ ಕೊಡಿಸಲಿ, ಮಗುವಿಗೆ ಬಲೂನ್ ಕೊಡಲಿ, ಕನ್ನಡದಲ್ಲೇ ಮಾತಾಡಲಿ, ಅವನ ಕೆಲಸ ನಿಮ್ಮಿಂದ ಆದಷ್ಟು ಜಾಸ್ತಿ ದುಡ್ಡು ತೆಗೆಸೋದು. ಅದರಲ್ಲಿ ಮೋಸ ಏನೂ ಇಲ್ಲ, ಅದು ಅವನ ವೃತ್ತಿ. ಆ ಕೆಲಸವನ್ನು ಸುಳ್ಳು ಹೇಳಿ ಮಾಡಿದಾಗ ಮಾತ್ರ ಮೋಸ.

ಆದ್ದರಿಂದ ಓಪನ್ ಹೌಸ್‌ನ (ಮಾರಾಟದ ಮನೆಯನ್ನು ಜನ ನೋಡಲಿ ಅಂತ ತೆರೆದಿಡುವ ಹೊತ್ತು) ಬಾಗಿಲಲ್ಲಿ ಕ್ಲಿಪ್‌ಬೋರ್ಡ್ ಹಿಡಿದು ನಿಂತವನು "ಎಷ್ಟು ಬಜೆಟ್? ಲೋನ್ ಎಷ್ಟಕ್ಕೆ ಅಪ್ರೂವ್ ಆಗಿದೆ?" ಅಂತ ಕೇಳಿದರೆ ನಗುತ್ತಾ "ಇನ್ನೂ ನೋಡ್ತಾ ಇದ್ದೀವಿ" ಅಂದುಬಿಡಿ. ನಮ್ಮವರಿಗೆ ಇದು ಕಷ್ಟ. ಕೇಳಿದವರಿಗೆ ನೇರವಾಗಿ ಉತ್ತರ ಕೊಡದಿದ್ದರೆ ಮರ್ಯಾದೆ ಅಲ್ಲ ಅಂತ ಬೆಳೆದವರು. ಆದರೆ ನೀವು ಎಂಟು ಲಕ್ಷ ಡಾಲರ್ ಅಂದ ಕ್ಷಣ ಏಳೂವರೆಗೆ ಹೋಗಬೇಕಾದ ಮನೆಯ ಬೆಲೆಯೂ ಎಂಟಾಗುತ್ತದೆ.

ಈಗ ಬೆಲೆಯ ವಿಷಯ. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ ಹೊಸಬರಿಗೆ ಅತಿ ಹೆಚ್ಚು ತಲೆನೋವು ಕೊಡೋದು ಅಂಡರ್‌ಕ್ವೋಟಿಂಗ್. ಮನೆ ಹೋಗೋದು ಏಳೂಮುಕ್ಕಾಲು ಲಕ್ಷಕ್ಕೆ ಅಂತ ಏಜೆಂಟ್‌ಗೆ ಗೊತ್ತಿರುತ್ತದೆ. ಆದರೂ ಜಾಹೀರಾತಿನಲ್ಲಿ ಆರೂವರೆ ಅಂತ ಹಾಕುತ್ತಾನೆ. ಜನ ಮುಗಿಬೀಳುತ್ತಾರೆ, ಹರಾಜಿನ ದಿನ ಬೀದಿ ತುಂಬುತ್ತದೆ, ಬಿಸಿ ಏರುತ್ತದೆ. ನೀವು ಮಾತ್ರ ನಿಮಗೆ ಎಟುಕದ ಮನೆಗೆ ಕನ್ವೇಯನ್ಸರ್ (ಮನೆಯ ಕಾಗದಪತ್ರ ನೋಡಿಕೊಡುವವರು) ಫೀಸು, ಬಿಲ್ಡಿಂಗ್ ಇನ್ಸ್‌ಪೆಕ್ಷನ್ ಫೀಸು ಕಟ್ಟಿ ಮನೆಗೆ ವಾಪಸ್ ಬರುತ್ತೀರಿ. ಹೀಗೆ ನಾಲ್ಕೈದು ಮನೆಗೆ ಆದರೆ ಸಾವಿರಾರು ಡಾಲರ್ ನೀರಲ್ಲಿ ಹೋಮ.

ಇದನ್ನು ತಡೆಯೋಕೆ 2017ರ ಮೇ ತಿಂಗಳಿಂದ ಕಾನೂನು ಬಿಗಿಯಾಗಿದೆ. ಪ್ರತಿ ಮನೆಗೂ ಏಜೆಂಟ್ 'ಸ್ಟೇಟ್‌ಮೆಂಟ್ ಆಫ್ ಇನ್‌ಫರ್ಮೇಶನ್' ಅನ್ನೋ ಹಾಳೆ ಕೊಡಬೇಕು. ಓಪನ್ ಹೌಸ್‌ನಲ್ಲಿ ಅಡುಗೆಮನೆ ಕಟ್ಟೆಯ ಮೇಲೆ ಇಟ್ಟಿರುತ್ತಾರೆ. ನಮ್ಮವರು ಅದನ್ನು ಬಿಟ್ಟು ಬಣ್ಣದ ಬ್ರೋಷರ್ ಎತ್ತಿಕೊಂಡು ಬರುತ್ತಾರೆ! ಆ ಹಾಳೆಯಲ್ಲಿ ಒಂದೇ ಬೆಲೆ ಇರಬೇಕು, ಇಲ್ಲವೇ ಶೇಕಡ 10ಕ್ಕಿಂತ ಹೆಚ್ಚು ಅಂತರ ಇಲ್ಲದ ರೇಂಜ್ ಇರಬೇಕು. 7,00,000ದಿಂದ 7,70,000 ಸರಿ, 7,00,000ದಿಂದ 8,00,000 ತಪ್ಪು. "7,00,000+" ಅಂತಲೋ "ಇದಕ್ಕಿಂತ ಮೇಲೆ" ಅಂತಲೋ ಹಾಕುವ ಹಾಗಿಲ್ಲ. ಮೆಲ್ಬರ್ನ್ ನಗರದಲ್ಲಾದರೆ ಎರಡು ಕಿಲೋಮೀಟರ್ ಒಳಗೆ, ಹಿಂದಿನ ಆರು ತಿಂಗಳಲ್ಲಿ ಮಾರಾಟವಾದ ಮೂರು ಅಂಥದ್ದೇ ಮನೆಗಳ ಬೆಲೆಯೂ ಅದರಲ್ಲಿರಬೇಕು.

ಚಾಲಾಕಿತನ ನಡೆಯೋದು ಆ ಮೂರು ಮನೆಗಳಲ್ಲೇ. ನಾಲ್ಕು ಬೆಡ್‌ರೂಮ್ ಮನೆಗೆ ಹೋಲಿಕೆ ಅಂತ ಮೇನ್ ರೋಡ್ ಪಕ್ಕದ ಸಣ್ಣ ಮನೆಯನ್ನು ಹಾಕಿರುತ್ತಾರೆ. ಹಾಳೆ ಹಿಡಿದು ಆ ಮೂರು ಮನೆಗಳ ಮುಂದೆ ಒಂದು ಸುತ್ತು ಕಾರಲ್ಲಿ ಹೋಗಿ ಬನ್ನಿ, ಸಾಕು. ಜೊತೆಗೆ ಡೊಮೇನ್, ರಿಯಲ್‌ಎಸ್ಟೇಟ್ ಸೈಟ್‌ಗಳಲ್ಲಿ 'ಸೋಲ್ಡ್' ಪಟ್ಟಿ ನೋಡಿ ನಿಮ್ಮದೇ ಲೆಕ್ಕ ಇಟ್ಟುಕೊಳ್ಳಿ. ಇನ್ನೊಂದು ಪ್ರಶ್ನೆ ಇಮೇಲ್‌ನಲ್ಲಿ ಕೇಳಿ: "ಓನರ್ ಯಾವುದಾದರೂ ಲಿಖಿತ ಆಫರ್ ಕಮ್ಮಿ ಆಯ್ತು ಅಂತ ಬೇಡ ಅಂದಿದ್ದಾರಾ?" ಹಾಗೆ ಬೇಡ ಅಂದ ಮೊತ್ತಕ್ಕಿಂತ ಕೆಳಗಿನ ಬೆಲೆಯನ್ನು ಏಜೆಂಟ್ ಜಾಹೀರಾತಿನಲ್ಲಿ ಮುಂದುವರಿಸುವಂತಿಲ್ಲ. ಬಾಯಲ್ಲಿ ಕೇಳಿದರೆ ಬಾಯಲ್ಲೇ ಜಾರಿಕೊಳ್ಳುತ್ತಾರೆ. ಇಮೇಲ್‌ಗೆ ಸುಳ್ಳು ಬರೆಯೋಕೆ ಕೈ ನಡುಗುತ್ತದೆ.

ಹರಾಜು ಅಂದರೆ ಇಲ್ಲಿ ಶನಿವಾರದ ಜಾತ್ರೆ. ಮಾರುವವನ ಪರವಾಗಿ ಹರಾಜುಗಾರ ಬಿಡ್ ಮಾಡಬಹುದು, ಆದರೆ ಪ್ರತಿ ಸಲವೂ "ವೆಂಡರ್ ಬಿಡ್" ಅಂತ ಗಟ್ಟಿಯಾಗಿ ಹೇಳಲೇಬೇಕು. ಗುಂಪಿನೊಳಗೆ ತಮ್ಮವರನ್ನು ನಿಲ್ಲಿಸಿ ಬೆಲೆ ಏರಿಸುವ ಡಮ್ಮಿ ಬಿಡ್ ಅಪರಾಧ. ಅನುಮಾನ ಬಂದರೆ ಸುತ್ತಿಗೆ ಬೀಳುವ ಮುಂಚೆ "ಆ ಬಿಡ್ ಮಾಡಿದವರು ಯಾರು?" ಅಂತ ಕೇಳುವ ಹಕ್ಕು ನಿಮಗಿದೆ, ಹರಾಜುಗಾರ ತೋರಿಸಬೇಕು. ಎಲ್ಲರೂ ತಿರುಗಿ ನೋಡುತ್ತಾರೆ, ನೋಡಲಿ ಬಿಡಿ. ಮರದ ಹಿಂದೆ ನಿಲ್ಲಬೇಡಿ. ಎಲ್ಲ ಬಿಡ್ ಮಾಡುವವರ ಮುಖ ಕಾಣುವ ಹಾಗೆ, ಪಕ್ಕದ ಮನೆಯ ಡ್ರೈವ್‌ವೇ ಹತ್ತಿರ ನಿಂತುಕೊಳ್ಳಿ. ಗೆದ್ದರೆ ಅಲ್ಲೇ ಸಹಿ, ಸಾಮಾನ್ಯವಾಗಿ ಶೇಕಡ 10 ಡೆಪಾಸಿಟ್. ಕೂಲಿಂಗ್ ಆಫ್, ಅಂದರೆ ಸಹಿ ಆದ ಮೇಲೆ ಮನಸ್ಸು ಬದಲಿಸುವ ಅವಕಾಶ, ಇಲ್ಲ. ಲೋನ್ ಸಿಗಲಿಲ್ಲ ಅಂದರೂ ವಾಪಸ್ ಹೋಗುವ ದಾರಿ ಇಲ್ಲ.

ಖಾಸಗಿ ಮಾರಾಟಕ್ಕೆ ಮಾತ್ರ ಕೂಲಿಂಗ್ ಆಫ್ ಇದೆ. ಸಹಿ ಹಾಕಿದ ಮೇಲೆ ಮೂರು ಕೆಲಸದ ದಿನಗಳೊಳಗೆ ಬರವಣಿಗೆಯಲ್ಲಿ ತಿಳಿಸಿ ಹಿಂದೆ ಸರಿಯಬಹುದು. ದಂಡ 100 ಡಾಲರ್ ಅಥವಾ ಬೆಲೆಯ ಶೇಕಡ 0.2, ಯಾವುದು ಹೆಚ್ಚೋ ಅದು. ಏಳು ಲಕ್ಷದ ಮನೆಗೆ 1,400 ಡಾಲರ್. ಏಜೆಂಟ್‌ಗಳು ಇದನ್ನು ತಪ್ಪಿಸುವ ರೀತಿ ನೋಡಿ. ನಮ್ಮ ಪರಿಚಯದ ಒಂದು ಮೈಸೂರು ಕಡೆಯ ಕುಟುಂಬಕ್ಕೆ ಶುಕ್ರವಾರ ಸಂಜೆ ಫೋನ್ ಬಂತು. ಮರುದಿನ ಹರಾಜು. ಏಜೆಂಟ್ ಕನ್ನಡದವನೇ. "ಸರ್, ನಾವು ನಾವೇ ಅಲ್ವಾ, ನಾಳೆ ಚೈನೀಸ್ ಫ್ಯಾಮಿಲಿ ಒಂದು ಬರ್ತಾ ಇದೆ, ನಿಮಗೆ ಸಿಗಲ್ಲ. ಇವತ್ತೇ ಆಫೀಸಿಗೆ ಬಂದು ಸಹಿ ಹಾಕಿ, ಓನರ್ ಹತ್ರ ನಾನು ಮಾತಾಡ್ತೀನಿ. ಆಮೇಲೆ ಬೇಡ ಅನ್ನಿಸಿದ್ರೆ ಕೂಲಿಂಗ್ ಆಫ್ ಇದೆ." ಕೊನೆಯ ಆ ಒಂದು ಮಾತು ಪೂರ್ತಿ ಸುಳ್ಳು. ಜಾಹೀರಾತಾದ ಹರಾಜಿನ ಮುಂಚಿನ ಮೂರು ಕೆಲಸದ ದಿನ, ಆಮೇಲಿನ ಮೂರು ಕೆಲಸದ ದಿನ, ಇಷ್ಟರೊಳಗೆ ಸಹಿ ಹಾಕಿದರೆ ಕೂಲಿಂಗ್ ಆಫ್ ಇಲ್ಲವೇ ಇಲ್ಲ. ಆ ಮನೆಯ ಯಜಮಾನಿ "ನಮ್ಮ ಕನ್ವೇಯನ್ಸರ್ ಓದದೆ ಪೆನ್ ಮುಟ್ಟಲ್ಲ" ಅಂದು ಫೋನ್ ಇಟ್ಟರು. ಮರುದಿನ ಆ ಚೈನೀಸ್ ಫ್ಯಾಮಿಲಿಯ ಸುಳಿವೇ ಇರಲಿಲ್ಲ.

ಕನ್ವೇಯನ್ಸರ್ ಅಂದೆ. ಏಜೆಂಟ್ ಹೇಳಿದ ಕನ್ವೇಯನ್ಸರ್ ಬೇಡ, ಇದೊಂದು ಮಾತ್ರ ಕಣ್ಣು ಮುಚ್ಚಿ ಪಾಲಿಸಿ. ಏಜೆಂಟ್, ಲೋನ್ ಬ್ರೋಕರ್, ಕನ್ವೇಯನ್ಸರ್, ಇನ್ಸ್‌ಪೆಕ್ಟರ್ ನಾಲ್ವರೂ ಒಂದೇ ಗುಂಪಿನವರಾದರೆ ನಿಮ್ಮ ಪರ ಮಾತಾಡೋರು ಯಾರು? ನಿಮ್ಮವರೇ ಆದ ಕನ್ವೇಯನ್ಸರ್ ಸೆಕ್ಷನ್ 32 ಓದುತ್ತಾರೆ. ಅದು 1962ರ ಸೇಲ್ ಆಫ್ ಲ್ಯಾಂಡ್ ಕಾಯ್ದೆಯ ಪ್ರಕಾರ ಮಾರುವವನು ಸಹಿಗೆ ಮುಂಚೆ ಕೊಡಲೇಬೇಕಾದ ದಾಖಲೆ. ಟೈಟಲ್, ಅಡಮಾನ, ಕೌನ್ಸಿಲ್ ರೇಟ್ಸ್, ಈಸ್‌ಮೆಂಟ್ (ನಿಮ್ಮ ಜಾಗದ ಮೇಲೆ ಬೇರೆಯವರಿಗಿರುವ ಬಳಕೆಯ ಹಕ್ಕು), ವಲಯ, ಹಿಂದಿನ ಏಳು ವರ್ಷದ ಬಿಲ್ಡಿಂಗ್ ಪರ್ಮಿಟ್ ಎಲ್ಲ ಅದರಲ್ಲಿರುತ್ತದೆ. ನಮ್ಮೂರಲ್ಲಿ ಇಸಿ, ಖಾತಾ ನೋಡೋ ಹಾಗೆ ಇದನ್ನು ನೋಡಿಸಿ. ಹಿಂಭಾಗದ ಪರ್ಗೋಲಾ, ಗ್ಯಾರೇಜಿನಲ್ಲಿ ಮಾಡಿದ ರೂಮು ಚೆನ್ನಾಗಿ ಕಂಡರೆ "ಪರ್ಮಿಟ್ ಇದೆಯಾ?" ಅನ್ನೋದೇ ಮೊದಲ ಪ್ರಶ್ನೆ. ಪ್ರವಾಹದ ಓವರ್‌ಲೇ (ನೆರೆ ಬರುವ ಜಾಗ ಅಂತ ಗುರುತಿಸಿದ್ದು) ಇದೆಯಾ ಅಂತಲೂ ಕೇಳಿ. 2022ರ ಅಕ್ಟೋಬರ್‌ನಲ್ಲಿ ಮಾರಿಬಿರ್ನಾಂಗ್ ನದಿ ಉಕ್ಕಿ ಮನೆಗಳಿಗೆ ನುಗ್ಗಿದ್ದು ಇನ್ನೂ ಎಲ್ಲರಿಗೂ ನೆನಪಿದೆ.

ಟಾರ್ನೀಟ್, ಟ್ರುಗನೀನಾ, ವಿಂಡಂ ವೇಲ್ ಕಡೆ ಕೊಳ್ಳುವವರಿಗೆ ಬೇರೆ ಮಾತು. ನಗರದ ಪಶ್ಚಿಮದ ನೆಲ ಗದಗ, ಧಾರವಾಡದ ಎರೆಭೂಮಿಯ ಹಾಗೆ: ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅಡಿಪಾಯದ ಸ್ಲ್ಯಾಬ್ ಮೇಲೆದ್ದರೆ ಬಾಗಿಲು ಮುಚ್ಚಲ್ಲ, ಗೋಡೆ ಸೀಳುತ್ತದೆ. ಹೊಸದಾಗಿ ಬಣ್ಣ ಬಳಿದ ಮನೆ ಕಂಡರೆ ಬಾಗಿಲ ಮೂಲೆಗಳನ್ನು ನೋಡಿ. ಪ್ರತಿ ಬಾಗಿಲು ತೆಗೆದು ಮುಚ್ಚಿ ನೋಡಿ. ಬಿಲ್ಡಿಂಗ್ ಇನ್ಸ್‌ಪೆಕ್ಟರ್‌ನನ್ನು ನೀವೇ ಹುಡುಕಿ ದುಡ್ಡು ಕೊಡಿ. ಗೊತ್ತಿರುವ ಮುಖ್ಯ ದೋಷವನ್ನು ಏಜೆಂಟ್ ಬೇಕಂತಲೇ ಮುಚ್ಚಿಟ್ಟರೆ 2020ರ ಮಾರ್ಚ್‌ನಿಂದ ಈಚೆಗೆ ಜೈಲು ಶಿಕ್ಷೆಗೂ ಅವಕಾಶವಿದೆ. ಅದಕ್ಕೇ "ಈ ಮನೆಯ ಬಗ್ಗೆ ನಾವು ತಿಳಿಯಬೇಕಾದ್ದು ಏನಾದರೂ ಇದೆಯಾ?" ಅಂತ ಒಂದು ಸಾಲು ಬರೆದು ಕಳಿಸಿ.

ದೊಡ್ಡ ಹಗರಣ ನಡೆಯೋದು ಹಳೆಯ ಮನೆಗಳಿಗಿಂತ ಹೌಸ್ ಆಂಡ್ ಲ್ಯಾಂಡ್ ಪ್ಯಾಕೇಜ್‌ಗಳಲ್ಲಿ, ಅಂದರೆ ಸೈಟು ಮತ್ತು ಅದರ ಮೇಲೆ ಕಟ್ಟುವ ಹೊಸ ಮನೆಯನ್ನು ಒಟ್ಟಿಗೆ ಮಾರುವುದರಲ್ಲಿ. ದೀಪಾವಳಿ, ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ಸ್ಟಾಲ್ ಹಾಕಿರುತ್ತಾರೆ, ಉಚಿತ ಸೆಮಿನಾರ್, ಊಟ ಬೇರೆ. "ಪ್ರಾಪರ್ಟಿ ಅಡ್ವೈಸರ್" ಅಂತ ಕಾರ್ಡು. ನಿಮ್ಮಿಂದ ಒಂದು ಡಾಲರೂ ಬೇಡ ಅಂತಾರೆ. ಬೇಡವೇ ಬೇಡ, ಯಾಕಂದ್ರೆ ಡೆವಲಪರ್ ಕೊಡುತ್ತಾನೆ, ಆ ಮೊತ್ತ ಬೆಲೆಯಲ್ಲೇ ಕೂತಿರುತ್ತದೆ. ವಿಕ್ಟೋರಿಯಾದಲ್ಲಿ ಕೊಳ್ಳುವವರ ಪರ ಕೆಲಸ ಮಾಡುವವರಿಗೂ ಎಸ್ಟೇಟ್ ಏಜೆಂಟ್ ಲೈಸೆನ್ಸ್ ಬೇಕು. ಬಿಸಿನೆಸ್ ಲೈಸೆನ್ಸಿಂಗ್ ಅಥಾರಿಟಿಯ ರಿಜಿಸ್ಟರ್‌ನಲ್ಲಿ ಹೆಸರು ಹಾಕಿ ನೋಡಿ, ಎರಡು ನಿಮಿಷದ ಕೆಲಸ. "ನಿಮಗೆ ದುಡ್ಡು ಯಾರು ಕೊಡ್ತಾರೆ, ಎಷ್ಟು?" ಅಂತ ಕೇಳಿ. ಮುಖ ಕೆಂಪಾದರೆ ಅಲ್ಲೇ ಉತ್ತರ ಸಿಕ್ಕಿತು.

ಟೆಂಪರರಿ ವೀಸಾದಲ್ಲಿ ಇರೋರು ಇನ್ನೂ ಹುಷಾರಾಗಿರಬೇಕು. 2025ರ ಏಪ್ರಿಲ್ 1ರಿಂದ ಟೆಂಪರರಿ ವೀಸಾದವರು ಹಳೆಯ ಮನೆ ಕೊಳ್ಳೋದಕ್ಕೆ ಕೇಂದ್ರ ಸರ್ಕಾರ ತಡೆ ಹಾಕಿದೆ, ವಿನಾಯಿತಿಗಳು ಕೆಲವೇ. ಹೊಸ ಮನೆ, ಖಾಲಿ ಸೈಟಿಗೆ ಅನುಮತಿ ಕೇಳಬಹುದು. ಆದರೆ ವಿಕ್ಟೋರಿಯಾದಲ್ಲಿ ಮಾಮೂಲಿ ಸ್ಟ್ಯಾಂಪ್ ಡ್ಯೂಟಿಯ ಮೇಲೆ ವಿದೇಶಿ ಕೊಳ್ಳುಗರಿಗೆ ಶೇಕಡ 8 ಹೆಚ್ಚುವರಿ. ನಾಲ್ಕು ಲಕ್ಷದ ಸೈಟಿಗೆ 32,000 ಡಾಲರ್! "ಪಿಆರ್ (ಪರ್ಮನೆಂಟ್ ರೆಸಿಡೆನ್ಸಿ) ಬಂದೇ ಬರುತ್ತೆ, ಸಹಿ ಹಾಕಿಬಿಡಿ" ಅನ್ನೋ ಏಜೆಂಟ್ ಈ ಮೊತ್ತದ ಸುದ್ದಿಯನ್ನೇ ಎತ್ತೋದಿಲ್ಲ.

ಡೆಪಾಸಿಟ್ ಏಜೆಂಟ್‌ನ ಅಥವಾ ಮಾರುವವನ ವಕೀಲ, ಕನ್ವೇಯನ್ಸರ್‌ನ ಟ್ರಸ್ಟ್ ಅಕೌಂಟಿಗೇ (ಗ್ರಾಹಕರ ದುಡ್ಡನ್ನು ಬೇರೆ ಇಡುವ ಖಾತೆ) ಹೋಗಬೇಕು, ಯಾರ ಸ್ವಂತ ಅಕೌಂಟಿಗೂ ಅಲ್ಲ. ಇಮೇಲ್‌ನಲ್ಲಿ "ಬ್ಯಾಂಕ್ ವಿವರ ಬದಲಾಗಿದೆ" ಅಂತ ಬಂದರೆ ಕಾಸು ಕಳಿಸಬೇಡಿ. ಆ ಇಮೇಲ್‌ನಲ್ಲಿರುವ ನಂಬರಿಗಲ್ಲ, ನಿಮ್ಮ ಬಳಿ ಮೊದಲೇ ಇದ್ದ ನಂಬರಿಗೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ.

ಮಾರುವಾಗ ಪಾತ್ರ ಬದಲಾಗುತ್ತದೆ: ಏಜೆಂಟ್ ಈಗ ನಿಮ್ಮವನು, ಕಾಗದದ ಮೇಲೆ. ಮೂವರನ್ನು ಕರೆಸಿದರೆ ಒಬ್ಬ ಎಂಟೂವರೆ ಲಕ್ಷ ಬರುತ್ತೆ ಅಂತಾನೆ, ಇನ್ನಿಬ್ಬರು ಎಂಟು ಅಂತಾರೆ. ನಮ್ಮವರು ಖುಷಿಯಿಂದ ಮೊದಲನೆಯವನಿಗೆ ಎಕ್ಸ್‌ಕ್ಲೂಸಿವ್ ಅಥಾರಿಟಿ (ಅವನೊಬ್ಬನೇ ಮಾರಬಹುದು ಅನ್ನೋ ಒಪ್ಪಂದ) ಬರೆದುಕೊಡುತ್ತಾರೆ. ನಾಲ್ಕು ವಾರ ಆದ ಮೇಲೆ ಶುರು: "ಮಾರ್ಕೆಟ್ ತಣ್ಣಗಾಗಿದೆ ಸರ್, ಏಳೂಮುಕ್ಕಾಲಿಗೆ ಒಪ್ಪಿಕೊಳ್ಳಿ." ಲೆಕ್ಕ ಹಾಕಿ. ನಿಮಗೆ 20,000 ಡಾಲರ್ ಕಮ್ಮಿ ಬಂದರೆ ಶೇಕಡ 2 ಕಮಿಷನ್‌ನಲ್ಲಿ ಅವನಿಗೆ ನಷ್ಟ 400 ಮಾತ್ರ. ಬೇಗ ಮುಗಿಸಿ ಮುಂದಿನ ಮನೆಗೆ ಹೋಗೋದೇ ಅವನಿಗೆ ಲಾಭ. ಹಾಗಾಗಿ ಯಾವ ಮನೆಗಳ ಆಧಾರದ ಮೇಲೆ ಆ ಬೆಲೆ ಹೇಳಿದ ಅಂತ ಮೊದಲೇ ಬರೆಸಿಕೊಳ್ಳಿ.

ಅಥಾರಿಟಿಯಲ್ಲಿ ಅವಧಿ ನೋಡಿ. ಏನೂ ಬರೆಯದಿದ್ದರೆ ಹರಾಜಿಲ್ಲದ ಮಾರಾಟಕ್ಕೆ 60 ದಿನ. ಅದನ್ನು ನೀವು ಕಮ್ಮಿ ಮಾಡಿಸಬಹುದು. ಕಮಿಷನ್ ಚೌಕಾಸಿ ಮಾಡಬಹುದು ಅಂತ ನಿಮಗೆ ಹೇಳುವುದು ಏಜೆಂಟ್‌ನ ಕಾನೂನು ಕರ್ತವ್ಯ. ಚಿಕ್ಕಪೇಟೆಯಲ್ಲಿ ಸೀರೆಗೆ ಚೌಕಾಸಿ ಮಾಡೋರು ಇಲ್ಲಿ ಯಾಕೋ ನಾಚಿಕೊಳ್ಳುತ್ತಾರೆ! ಜಾಹೀರಾತಿನ ಖರ್ಚು ಮನೆ ಮಾರಾಟವಾಗದಿದ್ದರೂ ನಿಮ್ಮ ತಲೆಗೇ ಬರಬಹುದು, ಅದನ್ನೂ ಓದಿ. ಫೋಟೋ, ಬೋರ್ಡಿನವರಿಂದ ಏಜೆಂಟ್‌ಗೆ ರಿಯಾಯಿತಿ ಸಿಕ್ಕರೆ ಅದು ನಿಮಗೆ ಸೇರಬೇಕು. ಕೊಳ್ಳಲು ಬಂದವರು ಏಜೆಂಟ್‌ನ ನೆಂಟರಲ್ಲವಲ್ಲ ಅಂತ ಬರವಣಿಗೆಯಲ್ಲಿ ಕೇಳಿ. ಅವನಾಗಲಿ ಅವನ ಹತ್ತಿರದವರಾಗಲಿ ನಿಮಗೆ ತಿಳಿಸದೆ, ನಿಮ್ಮ ಒಪ್ಪಿಗೆ ಇಲ್ಲದೆ ಕೊಳ್ಳುವಂತಿಲ್ಲ. ನಮ್ಮವರ ನಡುವೆ ಈ ಆಟ ಜಾಸ್ತಿ, ಯಾಕಂದ್ರೆ ನಾವು ನಂಬಿಕೆಯ ಮೇಲೆ ಕೇಳೋದೇ ಇಲ್ಲ.

ಮೋಸ ಆಯ್ತು ಅನ್ನಿಸಿದರೆ ಮೊದಲು ಆ ಆಫೀಸಿನ ಮುಖ್ಯಸ್ಥರಿಗೆ ಬರೆಯಿರಿ, ಆಮೇಲೆ ರಾಜ್ಯ ಸರ್ಕಾರದ ಗ್ರಾಹಕ ಇಲಾಖೆ ಕನ್ಸ್ಯೂಮರ್ ಅಫೇರ್ಸ್ ವಿಕ್ಟೋರಿಯಾಗೆ ದೂರು ಕೊಡಿ. ಅಂಡರ್‌ಕ್ವೋಟಿಂಗ್‌ಗೆಂದೇ 2022ರಿಂದ ಅಲ್ಲಿ ಒಂದು ತಂಡವಿದೆ. ಮನೆ ನೀವು ಕೊಳ್ಳದೇ ಇದ್ದರೂ ದೂರು ಕೊಡಬಹುದು. ತಪ್ಪು ಸಾಬೀತಾದರೆ ಏಜೆಂಟ್ ದಂಡದ ಜೊತೆ ಆ ಮಾರಾಟದ ಕಮಿಷನ್ನೂ ಕಳೆದುಕೊಳ್ಳಬಹುದು. ಟ್ರಸ್ಟ್ ಅಕೌಂಟಿನ ದುಡ್ಡನ್ನೇ ಏಜೆಂಟ್ ನುಂಗಿದ್ದರೆ ವಿಕ್ಟೋರಿಯನ್ ಪ್ರಾಪರ್ಟಿ ಫಂಡ್‌ನಿಂದ ಪರಿಹಾರ ಕೇಳಬಹುದು. ಇದಕ್ಕೆಲ್ಲ ಬೇಕಾದ್ದು ಆ 'ಸ್ಟೇಟ್‌ಮೆಂಟ್ ಆಫ್ ಇನ್‌ಫರ್ಮೇಶನ್' ಹಾಳೆ, ಇಮೇಲ್, ಮೆಸೇಜ್, ಜಾಹೀರಾತಿನ ಸ್ಕ್ರೀನ್‌ಶಾಟ್. ಪ್ರತಿ ಮನೆಗೂ ಫೋನಿನಲ್ಲಿ ಒಂದು ಫೋಲ್ಡರ್ ಮಾಡಿ, ನೋಡಿದ ದಿನವೇ ತುಂಬಿಸಿಡಿ. ಹರಾಜು ಮುಗಿದ ಮೇಲೆ ಆ ಜಾಹೀರಾತು ಸೈಟ್‌ನಲ್ಲಿ ಹಳೆಯ ಬೆಲೆಯ ಸಮೇತ ಉಳಿದಿರುತ್ತದೆ ಅನ್ನೋ ಗ್ಯಾರಂಟಿ ಇಲ್ಲ.