ಟ್ರಿಪ್ ಲೆಕ್ಕದ ಬಾಟಾ ನಿಲ್ಲಿಸಿದ ಮೇಲೆ: ಕಸದ ಗಾಡಿ ಕೆಲಸದಲ್ಲಿ ನನ್ನ ಅನುಭವ

ಮೈಸೂರಿನಲ್ಲಿ ನನ್ನದು ಸಣ್ಣ ಕೆಲಸ. ಎರಡು ಡಂಪರ್ ಪ್ಲೇಸರ್ (ಕಸದ ಕಂಟೇನರನ್ನು ಎತ್ತಿಕೊಂಡು ಹೋಗುವ ಗಾಡಿ), ಮೂರು ಆಟೋ ಟಿಪ್ಪರ್, ಎಲ್ಲಾ ಸೇರಿ ಹದಿನಾಲ್ಕು ಜನ. ಕಲ್ಯಾಣ ಮಂಟಪ, ಅಪಾರ್ಟ್‌ಮೆಂಟು, ಹೋಟೆಲುಗಳ ಹತ್ತಿರ ಕಬ್ಬಿಣದ ಕಂಟೇನರ್ ಇಟ್ಟು ಬರುತ್ತೇವೆ, ತುಂಬಿದ ಮೇಲೆ ಎತ್ತಿಕೊಂಡು ಹೋಗುತ್ತೇವೆ. ಹಳೇ ಮನೆ ಒಡೆಯುವವರಿಗೆ ಡೆಬ್ರಿಸ್ ಹಾಕಲು ದಿನದ ಬಾಡಿಗೆಗೂ ಕೊಡುತ್ತೇವೆ.

ಐದು ವರ್ಷದ ಹಿಂದೆ ಮದುವೆ ಸೀಸನ್‌ನಲ್ಲಿ ನಮ್ಮ ಒಬ್ಬ ಹುಡುಗನ ಬೆರಳು ಹೋಯಿತು. ಕುವೆಂಪುನಗರದ ಕಡೆ ಒಂದು ಮಂಟಪದ ಹಿಂಭಾಗದಲ್ಲಿ. ಡಂಪರ್ ಪ್ಲೇಸರ್ ನೋಡಿದವರಿಗೆ ಗೊತ್ತಿರುತ್ತದೆ, ಗಾಡಿಯ ಹಿಂದೆ ಎರಡು ತೋಳು, ಅದರಿಂದ ಇಳಿಬಿದ್ದ ನಾಲ್ಕು ಚೈನು. ಆ ಚೈನಿನ ಕೊಕ್ಕೆಯನ್ನು ಕಂಟೇನರಿನ ಕಿವಿಗೆ ಸಿಕ್ಕಿಸಬೇಕು. ಅವನು ಮೂರು ಸಿಕ್ಕಿಸಿ ನಾಲ್ಕನೆಯದಕ್ಕೆ ಕೈ ಹಾಕಿದ್ದ. ಆಯ್ತು ಅಂದುಕೊಂಡು ಡ್ರೈವರ್ ಲಿವರ್ ಎಳೆದ. ಚೈನು ಬಿಗಿಯಾಯಿತು, ಎರಡು ಬೆರಳು ಮಧ್ಯದಲ್ಲಿ ಸಿಕ್ಕಿಕೊಂಡವು. ಒಂದು ಉಳಿಯಿತು, ಇನ್ನೊಂದರ ತುದಿ ತೆಗೆಯಬೇಕಾಯಿತು.

ಆಸ್ಪತ್ರೆ ಹತ್ತಿರ ಬಂದವರೆಲ್ಲಾ ಕೇಳಿದ್ದು ಒಂದೇ, "ಗ್ಲೌಸ್ ಹಾಕಿರಲಿಲ್ವಾ?" ಹಾಕಿದ್ದ. ಟನ್ನುಗಟ್ಟಲೆ ತೂಕ ಎಳೆಯುವ ಚೈನಿನ ಮುಂದೆ ಗ್ಲೌಸ್ ಏನು ಮಾಡುತ್ತದೆ? ಡ್ರೈವರ್ ಒಂದು ಮೂಲೆಯಲ್ಲಿ ಅಳುತ್ತಾ ಕೂತಿದ್ದ. "ಇನ್ನೊಂದು ಟ್ರಿಪ್ ಆಗಿದ್ರೆ ಇವತ್ತಿನ ಬಾಟಾ ಪೂರ್ತಿ ಆಗ್ತಿತ್ತು ಸಾರ್" ಅಂದ. ಆ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಟ್ರಿಪ್ಪಿಗೆ ಇಷ್ಟು ಅಂತ ಬಾಟಾ ಇಟ್ಟವನು ನಾನು. ಅವರನ್ನು ಓಡಿಸುತ್ತಿದ್ದದ್ದು ಆ ಲೆಕ್ಕ. ಆಮೇಲೆ ಜಾಗರೂಕತೆಯಿಂದ ಕೆಲಸ ಮಾಡ್ರಪ್ಪಾ ಅಂತ ನಾನೇ ಹೇಳಿದರೆ ಅವರು ಯಾವುದನ್ನು ಕೇಳಬೇಕು?

ಆ ತಿಂಗಳೇ ಟ್ರಿಪ್ ಬಾಟಾ ನಿಲ್ಲಿಸಿದೆ. ಹಿಂದಿನ ಆರು ತಿಂಗಳ ಬಾಟಾ ಸರಾಸರಿ ತೆಗೆದು ಸಂಬಳಕ್ಕೇ ಸೇರಿಸಿದೆ. ಮೊದಲು ದಿನಕ್ಕೆ ಏಳು ಟ್ರಿಪ್ ಹೊಡೆಯುತ್ತಿದ್ದ ಗಾಡಿ ಐದಕ್ಕೆ ಇಳಿಯಿತು. ಬೆಳಿಗ್ಗೆ ಎಂಟರೊಳಗೆ ಎತ್ತಲೇಬೇಕು ಅಂತ ಹಟ ಹಿಡಿದಿದ್ದ ಒಂದು ಮಂಟಪದವರು ನಮ್ಮನ್ನು ಬಿಟ್ಟರು. ವರಮಾನ ಕಡಿಮೆಯಾಯಿತು, ನಿಜ. ಆದರೆ ಚೈನಿಗೆ ಸಿಕ್ಕಿ ಬೆರಳು ಜಜ್ಜಿಸಿಕೊಳ್ಳುವುದು ಅಲ್ಲಿಗೇ ನಿಂತಿತು. ಈ ಕೆಲಸದಲ್ಲಿ ನಾನು ಮಾಡಿದ ಅತಿ ದೊಡ್ಡ ಸುರಕ್ಷತೆ ಕ್ರಮ ಯಾವುದು ಅಂತ ಯಾರಾದರೂ ಕೇಳಿದರೆ ಇದನ್ನೇ ಹೇಳುತ್ತೇನೆ.

ಇನ್ನೊಂದು ನಿಯಮ ಬೆರಳು ಹೋದ ಹುಡುಗನೇ ಹೇಳಿಕೊಟ್ಟದ್ದು. ಚೈನು ಹಾಕಿದ ಮೇಲೆ ಲೋಡರುಗಳಿಬ್ಬರೂ ಗಾಡಿಯ ಬಲಗಡೆ, ಡ್ರೈವರಿಗೆ ಕಾಣುವ ಜಾಗಕ್ಕೆ ಬಂದು ಎರಡೂ ಅಂಗೈ ಎತ್ತಿ ತೋರಿಸಬೇಕು. ನಾಲ್ಕು ಅಂಗೈ ಕಾಣುವ ತನಕ ಲಿವರ್ ಮುಟ್ಟುವ ಹಾಗಿಲ್ಲ. "ಆಯ್ತಾ?", "ಹೂಂ ಆಯ್ತು" ಅನ್ನುವ ಮಾತಿಗೆ ಬೆಲೆ ಇಲ್ಲ, ಇಂಜಿನ್ ಸದ್ದಲ್ಲಿ ಯಾರು ಏನಂದರು ಅಂತ ಕೇಳಿಸುವುದೇ ಇಲ್ಲ. ಒಂದು ದಿನ ಲೋಡರ್ ರಜಾ, ನಾನೇ ಚೈನು ಹಾಕಲು ಹೋಗಿದ್ದೆ. ಹಾಕಿ, "ಎತ್ತಪ್ಪಾ" ಅಂದೆ. ಡ್ರೈವರ್ ಸುಮ್ನೆ ನನ್ನ ಕೈಯನ್ನೇ ನೋಡುತ್ತಾ ನಿಂತ. ಅಂಗೈ ತೋರಿಸಿದೆ, ಎತ್ತಿದ. ಅವತ್ತು ನನಗೆ ಬಹಳ ಸಮಾಧಾನವಾಯಿತು.

ರಿವರ್ಸ್ ತೆಗೆಯುವಾಗಲೂ ಹೀಗೇ. ಸಿಗ್ನಲ್ ಕೊಡುವವನು ಒಬ್ಬನೇ. ಅವನು ಕನ್ನಡಿಯಲ್ಲಿ ಕಾಣದಿದ್ದರೆ ಗಾಡಿ ನಿಲ್ಲಬೇಕು. ಅಪಾರ್ಟ್‌ಮೆಂಟಿನ ವಾಚ್‌ಮನ್ನು, ಪಕ್ಕದ ಅಂಗಡಿಯವರು ಎಲ್ಲಾ "ಬರ್ಲಿ ಬರ್ಲಿ" ಅಂತ ಕೈ ಬೀಸುತ್ತಾರೆ, ಪಾಪ ಸಹಾಯಕ್ಕೇ. ಅವರ ಕಡೆ ನೋಡಬಾರದು. ತೋಳು ಎತ್ತುವ ಮೊದಲು ತಲೆ ಎತ್ತಿ ತಂತಿ ನೋಡಬೇಕು. ಮದುವೆ ಮನೆ ಸೀರಿಯಲ್ ಸೆಟ್ಟು, ದಸರಾ ಹೊತ್ತಿನ ದೀಪದ ಅಲಂಕಾರ, ನಿನ್ನೆ ಇಲ್ಲದ ವೈರು ಇವತ್ತು ಇರುತ್ತದೆ.

ಬೆಂಕಿಯ ಮಾತು ಹೇಳಲೇಬೇಕು. ಮಂಟಪದ ಅಡುಗೆಯವರು ಸೌದೆ ಒಲೆಯ ಬೂದಿಯನ್ನು ರಾತ್ರಿ ಕಂಟೇನರಿಗೆ ಸುರಿದುಬಿಡುತ್ತಾರೆ. ಮೇಲೆ ಬೂದಿ, ಒಳಗೆ ಕೆಂಡ. ಒಮ್ಮೆ ರಿಂಗ್ ರೋಡಿನಲ್ಲಿ ಹೋಗುವಾಗ ಗಾಳಿಗೆ ಹತ್ತಿಕೊಂಡಿತು. ಡ್ರೈವರ್ ಗಾಬರಿಯಾಗದೆ ರಸ್ತೆ ಪಕ್ಕದ ಖಾಲಿ ಜಾಗದಲ್ಲಿ ಕಂಟೇನರ್ ಇಳಿಸಿ, ಚೈನು ಬಿಚ್ಚಿ, ಗಾಡಿ ಮುಂದಕ್ಕೆ ತಂದು, ಆಮೇಲೆ ಫೋನ್ ಮಾಡಿದ. ಈಗ ಮಂಟಪದವರ ಜೊತೆ ಮಾತಾಡುವಾಗಲೇ ಹೇಳಿಬಿಡುತ್ತೇನೆ: ಬೂದಿಗೆ ನೀರು ಹಾಕಿ, ಒಂದು ರಾತ್ರಿ ಡ್ರಮ್ಮಿನಲ್ಲಿ ಬಿಟ್ಟು, ಬೆಳಿಗ್ಗೆ ನಮ್ಮವರ ಕಣ್ಣೆದುರು ಹಾಕಿ. ಹಳೇ ಮೊಬೈಲ್ ಬ್ಯಾಟರಿಯೂ ಅಷ್ಟೇ ಅಪಾಯ, ಜಜ್ಜಿದರೆ ಹತ್ತಿಕೊಳ್ಳುತ್ತದೆ.

ಗ್ಲೌಸ್ ವಿಷಯಕ್ಕೆ ಬರುತ್ತೇನೆ. ಮೊದಲು ನಾನು ತಂದದ್ದು ಬಿಳಿ ದಾರದ ಗ್ಲೌಸ್. ಯಾರೂ ಹಾಕುತ್ತಿರಲಿಲ್ಲ, ನನಗೆ ಸಿಟ್ಟು ಬರುತ್ತಿತ್ತು. ಒಂದು ದಿನ ಆಟೋ ಟಿಪ್ಪರಿನ ಅಕ್ಕ ಕೈ ಚಾಚಿ ತೋರಿಸಿದರು. ಹಸಿ ಕಸದ ನೀರು ದಾರದೊಳಗೆ ಇಳಿದು, ಅಂಗೈ ಬೆಳ್ಳಗೆ ಊದಿಕೊಂಡು, ಬೆರಳ ಸಂದಿ ಬಿರಿದಿತ್ತು. ಬರಿಗೈಯೇ ವಾಸಿ ಅಂತ ಅವರಿಗೆ ಅನ್ನಿಸಿದ್ದರಲ್ಲಿ ತಪ್ಪೇನಿದೆ? ಈಗ ಅಂಗೈಗೆ ರಬ್ಬರ್ ಲೇಪ ಇರುವ ಗ್ಲೌಸ್, ಒಬ್ಬೊಬ್ಬರಿಗೆ ಎರಡು ಜೊತೆ. ಒಂದು ಕೈಯಲ್ಲಿ, ಒಂದು ಶೆಡ್ಡಿನ ತಂತಿ ಮೇಲೆ ಒಣಗುತ್ತಿರುತ್ತದೆ. ಅಳತೆಯೂ ಮುಖ್ಯ. ಗಂಡಸರ ಸೈಜು ಹೆಂಗಸರ ಕೈಯಲ್ಲಿ ನಿಲ್ಲುವುದಿಲ್ಲ. ಗ್ಲೌಸ್, ಮಾಸ್ಕ್, ರೇನ್‌ಕೋಟ್, ಶೂ, ಹೊಳೆಯುವ ಜಾಕೆಟ್ ಕೊಡಿಸಬೇಕು ಅಂತ 2016ರ ಘನತ್ಯಾಜ್ಯ ನಿಯಮದಲ್ಲೇ ಬರೆದಿದ್ದರು. ಕೊಟ್ಟೆ ಅಂತ ಸಹಿ ಹಾಕಿಸಿಕೊಂಡರೆ ಮುಗಿಯಲ್ಲ, ಹಾಕಿಕೊಳ್ಳುವಂಥದ್ದನ್ನು ಕೊಡಬೇಕು.

ಅದೇ ಅಕ್ಕನಿಗೆ ಹೋದ ವರ್ಷ ಸೂಜಿ ಚುಚ್ಚಿತು. ಮನೆಯವರು ಯಾರೋ ಇನ್ಸುಲಿನ್ ಸೂಜಿಯನ್ನು ಒಣ ಕಸದ ಕವರಿಗೆ ಹಾಗೇ ಹಾಕಿದ್ದರು. ಈ ಗ್ಲೌಸು ಸೂಜಿಯನ್ನು ತಡೆಯುವುದಿಲ್ಲ. "ಏನಿಲ್ಲ ಬುಡಿ ಸಾ, ಒಂಚೂರು ಚುಚ್ತು" ಅಂತ ಬೆರಳು ಹಿಂಡಿಕೊಂಡು ಕೆಲಸ ಮುಂದುವರಿಸಿದ್ದರು. ಮಧ್ಯಾಹ್ನ ಗೊತ್ತಾಗಿ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರ್ ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ, ಈ ಕೆಲಸದವರೆಲ್ಲಾ ತಿಳಿದಿರಬೇಕು. ಹಿಂಡಬಾರದು, ಬಾಯಲ್ಲಿ ಚೀಪಬಾರದು. ಹರಿಯುವ ನೀರಲ್ಲಿ ಸೋಪು ಹಾಕಿ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಬೇಕು. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ 72 ಗಂಟೆಯೊಳಗೆ ಶುರುವಾಗಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಅಕ್ಕನಿಗೆ ಏನೂ ಆಗಲಿಲ್ಲ, ಆದರೆ ರಕ್ತ ಪರೀಕ್ಷೆಯೆಲ್ಲಾ ಮುಗಿಯುವ ತನಕ ಅವರಿಗೆ ಸರಿಯಾಗಿ ನಿದ್ದೆ ಇರಲಿಲ್ಲ.

ನಮ್ಮೂರು 2015, 2016ರಲ್ಲಿ ದೇಶದ ಸ್ವಚ್ಛ ನಗರ ಅಂತ ಮೊದಲ ಸ್ಥಾನ ಪಡೆದದ್ದು ನಮಗೆಲ್ಲಾ ಹೆಮ್ಮೆ ಅಲ್ವಾ? ಹಾಗಾದರೆ ಇಷ್ಟು ಮಾಡಿ. ಸೂಜಿಯನ್ನು ಫಿನಾಯಿಲ್ ಬಾಟಲಿಯಂಥ ಗಟ್ಟಿ ಡಬ್ಬಿಗೆ ಹಾಕಿ ಮುಚ್ಚಳ ಬಿಗಿ ಮಾಡಿ. ಒಡೆದ ಗಾಜನ್ನು ರಟ್ಟಿನ ಡಬ್ಬಿಯಲ್ಲಿಟ್ಟು ಮೇಲೆ "ಗಾಜು" ಅಂತ ಬರೆಯಿರಿ. ಎರಡನ್ನೂ ಗಾಡಿಯವರ ಕೈಗೆ ಹೇಳಿ ಕೊಡಿ.

ಇಎಸ್‌ಐ, ಅಂದರೆ ಕೆಲಸಗಾರರ ಸರ್ಕಾರಿ ವಿಮೆ, ಅದರ ಬಗ್ಗೆ ಒಂದು ಮಾತು. ಹತ್ತು ಜನ ಇದ್ದರೆ ಮಾಡಿಸಲೇಬೇಕು. ನಾನು ಬೆರಳು ಹೋದ ಮೇಲೆ ಮಾಡಿಸಿದೆ, ಮೊದಲೇ ಮಾಡಿಸಿದ್ದರೆ ಆ ಹುಡುಗ ಮನೆಯಲ್ಲಿದ್ದ ದಿನಗಳಿಗೂ ದುಡ್ಡು ಬರುತ್ತಿತ್ತು. ಅದನ್ನು ನಾನು ಕೈಯಿಂದ ಕೊಟ್ಟೆ, ಆದರೆ ಹಕ್ಕಿನಿಂದ ಬರುವುದೇ ಬೇರೆ. ಅವನು ಈಗ ನಮ್ಮಲ್ಲೇ ಇದ್ದಾನೆ. ಪ್ರತಿ ಸೋಮವಾರ ಚೈನಿನ ಒಂದೊಂದು ಕೊಂಡಿಯನ್ನೂ ಎಣ್ಣೆ ಬಟ್ಟೆಯಲ್ಲಿ ಒರೆಸಿ ನೋಡುವುದು ಅವನ ಕೆಲಸ. ಸವೆದಿದೆ ಅಂತ ಅವನು ಹೇಳಿದರೆ ಆ ಚೈನು ಅವತ್ತೇ ಗುಜರಿಗೆ, ನನ್ನನ್ನೂ ಕೇಳಬೇಕಾಗಿಲ್ಲ.

ಸೂಜಿ ಚುಚ್ಚಿದ ಮೇಲೆ ಎಲ್ಲರಿಗೂ ಟಿಟಿ ಇಂಜೆಕ್ಷನ್, ಹೆಪಟೈಟಿಸ್ ಬಿ ಲಸಿಕೆ ಹಾಕಿಸುತ್ತಿದ್ದೇನೆ. ಹೆಪಟೈಟಿಸ್ ಬಿ ಮೂರು ಡೋಸು, ಮೊದಲನೆಯದು ಆಗಿ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಎರಡು ಆದ ಮೇಲೆ ಎಲ್ಲರೂ ಮರೆತುಬಿಡುತ್ತಾರೆ. ಈಚೆಗೆ ಸೇರಿದ ಇಬ್ಬರಿಗೆ ಮೂರನೆಯದು ಬಾಕಿ ಇದೆ. ಶೆಡ್ಡಿನ ಕ್ಯಾಲೆಂಡರಿನಲ್ಲಿ ಅವರ ದಿನಕ್ಕೆ ಕೆಂಪು ಸುತ್ತು ಹಾಕಿದ್ದೇನೆ, ಅವತ್ತು ಇಬ್ಬರಿಗೂ ಅರ್ಧ ದಿನ ಸಂಬಳದ ರಜೆ.