ಡೀಲರ್ ಹತ್ತಿರ ಹಳೇ ಕಾರು ನೋಡುವಾಗ ಮೊದಲು ಬಾನೆಟ್ ಮುಟ್ಟಿ

ಡೀಲರ್ ಹತ್ತಿರ ಸೆಕೆಂಡ್ ಹ್ಯಾಂಡ್ ಕಾರು ತಗೊಂಡು ನಾನು ಮೋಸ ಹೋದೆ. ನಿಮಗೆ ಹಾಗಾಗಬಾರದು ಅಂತ ಬರೆಯುತ್ತಿದ್ದೇನೆ.

ನಾನು ಹೋದಾಗ ಎಂಜಿನ್ ಆಗಲೇ ಬಿಸಿಯಾಗಿತ್ತು. "ಈಗಷ್ಟೇ ತೊಳೆಸಿ ತಂದ್ವಿ ಸರ್" ಅಂದರು. ನಂಬಿದೆ. ಮರುದಿನ ಬೆಳಿಗ್ಗೆ ಮನೆಯಲ್ಲಿ ಸ್ಟಾರ್ಟ್ ಮಾಡಿದರೆ ಹಿಂದಿನಿಂದ ನೀಲಿ ಹೊಗೆ! ಅಂದರೆ ಎಂಜಿನ್ ಒಳಗೆ ಆಯಿಲ್ ಉರಿಯುತ್ತಿದೆ ಅಂತ. ಬಿಸಿ ಎಂಜಿನ್‌ನಲ್ಲಿ ಇದು ಎಷ್ಟೋ ಸಲ ಕಾಣುವುದೇ ಇಲ್ಲ. ಅದಕ್ಕೇ ಮೊದಲು ಬಾನೆಟ್ ಮೇಲೆ ಕೈ ಇಟ್ಟು ನೋಡಿ. ಬಿಸಿ ಇದ್ದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ, ಸಂಕೋಚ ಬೇಡ.

ಮೀಟರ್ ಹತ್ತಿರ ಇರುವ, ಎಂಜಿನ್‌ನಲ್ಲಿ ದೋಷ ಇದ್ದರೆ ತಿಳಿಸುವ ಚೆಕ್ ಎಂಜಿನ್ ದೀಪವನ್ನೂ ಗಮನಿಸಿ. ಕೀ ಆನ್ ಮಾಡಿದಾಗ ಅದು ಹೊತ್ತಿ, ಎಂಜಿನ್ ಶುರುವಾದ ಮೇಲೆ ಆರಬೇಕು. ಹೊತ್ತಿಕೊಳ್ಳಲೇ ಇಲ್ಲ ಅಂದರೆ ಏನೋ ಮುಚ್ಚಿಡುತ್ತಿದ್ದಾರೆ ಅಂತಲೇ ನಾನು ಅಂದುಕೊಳ್ಳುತ್ತೇನೆ. ಕಾರಿನ ಕಂಪ್ಯೂಟರ್‌ನಲ್ಲಿ ದಾಖಲಾದ ದೋಷದ ಕೋಡ್ ಅನ್ನು ಸ್ಕ್ಯಾನರ್‌ನಿಂದ ಅಳಿಸಿದರೂ ದೀಪ ಸ್ವಲ್ಪ ದಿನ ಆರಿರುತ್ತದೆ. ನನ್ನ ಕಾರಿನಲ್ಲಿ ಮೂರನೇ ದಿನ ಮತ್ತೆ ಬಂತು.

ಮೀಟರ್‌ನಲ್ಲಿ ಕಡಿಮೆ ಕಿಲೋಮೀಟರ್ ಇದ್ದು ಪೆಡಲ್ ರಬ್ಬರ್ ಸವೆದಿದ್ದರೆ ಮೀಟರ್ ಹಿಂದಕ್ಕೆ ತಿರುಗಿಸಿರಬಹುದು ಅಂತ ಅನುಮಾನ ಪಡಿ. ಟೈರ್ ಎಷ್ಟು ಹಳೇದು ಅಂತ ತಿಳಿಯಲು ಅದರ ಪಕ್ಕದ ಗೋಡೆಯ ಮೇಲಿರುವ ನಾಲ್ಕು ಅಂಕಿ ಓದಿ: 2319 ಅಂದರೆ ಆ ಟೈರ್ 2019ರ 23ನೇ ವಾರ ತಯಾರಾದದ್ದು. ಸೀಟ್ ಬೆಲ್ಟ್ ಪೂರ್ತಿ ಎಳೆಯಿರಿ, ತುದಿಯಲ್ಲಿ ಕೆಸರಿನ ಕಲೆ ಇದ್ದರೆ ನೀರಿನಲ್ಲಿ ಮುಳುಗಿದ ಗಾಡಿ ಇರಬಹುದು.

"ಎಂಜಿನ್‌ಗೆ ನಮ್ಮ ಗ್ಯಾರಂಟಿ" ಅಂದಿದ್ದರು. ಬಿಲ್‌ನಲ್ಲಿ ಆ ಮಾತೇ ಇರಲಿಲ್ಲ, ರಿಪೇರಿ ಖರ್ಚು ಪೂರ್ತಿ ನನ್ನದಾಯಿತು. ಹೇಳಿದ್ದನ್ನೆಲ್ಲ ಬರೆಸಿಕೊಳ್ಳಿ. ಅಡ್ವಾನ್ಸ್ ಕೊಡುವ ಮುಂಚೆ ನಿಮಗೆ ಗೊತ್ತಿರುವ ಮೆಕ್ಯಾನಿಕ್‌ಗೆ ತೋರಿಸಿ. ಅದಕ್ಕೆ ಡೀಲರ್ ಒಪ್ಪದಿದ್ದರೆ ಸುಮ್ನೆ ಎದ್ದು ಬನ್ನಿ.